ಚೆನ್ನಾಜಮ್ಮನ ಜೀಪಿನ ಬಾಗಿಲು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಲ್ಲಿನ ಗಾಡಿಗಳಿಗೆ ಬಾಗಿಲು ಯಾಕಿಲ್ಲ? ಎರಡು ದಿನ ಇದ್ದವರು ಆಮೇಲೆ ಕೇಳುವುದಿಲ್ಲ. ಕಾರು ಹತ್ತುವಾಗ ಪಂಚೆ ಎತ್ತಿ ಕಟ್ಟಿ, ಸೀಟಿನ ಪಕ್ಕದಲ್ಲಿ ನೇತುಹಾಕಿರುವ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ‘ಹೂಂ, ಬಿಡಪ್ಪ’ ಎಂದು ತಾವೇ ಡ್ರೈವರಿಗೆ ಹೇಳುತ್ತಾರೆ. ಮನುಷ್ಯನಿಗೆ ಯಾವುದು ತಾನೇ ಅಭ್ಯಾಸವಾಗುವುದಿಲ್ಲ? ಮಳೆಗಾಲದಲ್ಲಿ ಟ್ಯಾಕ್ಸಿಯೊಳಗೆ ಕೊಡೆ ಬಿಚ್ಚಿಕೊಂಡು ಕೂರುವವರನ್ನು ನೋಡಿ ನಗುವವರು ಇಲ್ಲಿ ಯಾರೂ ಇಲ್ಲ.

ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಒಂದು ಹಲಗೆ ಇದೆ. ಗುಂಡು ತಡೆಯದ ಬಾಗಿಲು ಬಾಗಿಲಲ್ಲ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಯಾರು ಬರೆಸಿದರು, ಯಾಕೆ ಬರೆಸಿದರು, ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಓಡಾಡುವ ಯಾವ ಗಾಡಿಗೇ ಆಗಲಿ ಬಾಗಿಲು ಬೇಕೆಂದರೆ ಅದು ಗುರುವಾರ ಬೆಳಿಗ್ಗೆ ಹಳೇ ಕಲ್ಲುಕ್ವಾರಿಗೆ ಬರಬೇಕು. ಅಡ್ಡಕ್ಕೆ ನಿಲ್ಲಬೇಕು. ಬಾಗಿಲ ಹಿಂದಿನ ಸೀಟಿನ ಮೇಲೆ ಗಾಡಿಯ ಯಜಮಾನನ ಬದಲಿಗೆ ಒಂದು ಕುಂಬಳಕಾಯಿ ಕೂರಿಸಬೇಕು. ನಲವತ್ತು ಹೆಜ್ಜೆ ದೂರದಿಂದ ಒಂದು ಗುಂಡು. ಕುಂಬಳಕಾಯಿ ಉಳಿದರೆ ಬಾಗಿಲು ಪಾಸು, ಒಡೆದರೆ ಫೇಲು. ಸ್ಪ್ಯಾನರ್ ತಂದು ಅಲ್ಲೇ ಬಾಗಿಲು ಬಿಚ್ಚಬೇಕು.

ಆ ಗುಂಡು ಹೊಡೆಯುತ್ತಿದ್ದವನು ನಾನು. ಹೆಸರು ಬೆಟ್ಟಸ್ವಾಮಿ. ಹದಿನಾಲ್ಕು ವರ್ಷದಲ್ಲಿ ಇನ್ನೂರಹನ್ನೆರಡು ಗಾಡಿಗಳಿಗೆ ಹೊಡೆದಿದ್ದೆ. ಒಂದೂ ಪಾಸಾಗಿರಲಿಲ್ಲ.

ಹಾಗೆ ಬಿಚ್ಚಿದ ಬಾಗಿಲುಗಳನ್ನು ಊರಿನವರು ವ್ಯರ್ಥ ಮಾಡಲಿಲ್ಲ. ಹೋಟೆಲಿನ ಟೇಬಲ್ಲುಗಳೆಲ್ಲ ಅಂಬಾಸಿಡರ್ ಬಾಗಿಲುಗಳೇ. ಕಾಫಿ ಲೋಟ ಇಡುವಾಗ ಗುಂಡಿನ ತೂತು ತಪ್ಪಿಸಿ ಇಟ್ಟರಾಯಿತು. ಕೋಳಿಗೂಡಿಗೆ, ಹಿತ್ತಲ ಬೇಲಿಗೆ, ಹಪ್ಪಳ ಒಣಗಿಸಲು ಎಲ್ಲಕ್ಕೂ ಬಾಗಿಲೇ. ಪಕ್ಕದ ಮನೆಯ ಕಂಪೌಂಡರ್ ಬಚ್ಚಲಿಗೆ ವ್ಯಾನಿನ ಬಾಗಿಲು ಹಾಕಿಸಿದ್ದ. ಸ್ನಾನ ಮಾಡುತ್ತಾ ಮಧ್ಯದಲ್ಲಿ ಹಿಡಿ ತಿರುಗಿಸಿ ಗಾಜು ಇಳಿಸಿ, ಸೋಪಿನ ಮುಖ ಆಚೆ ಹಾಕಿ, ‘ಹವಾಲ್ದಾರ್ರೇ, ಪೇಪರ್ ಬಂತಾ?’ ಎಂದು ನನ್ನನ್ನು ಕೇಳುತ್ತಿದ್ದ.

ಬಾಗಿಲು ಫೇಲಾದರೆ ಯಜಮಾನನಿಗೆ ಬೇಸರ ಹೌದು, ಆದರೆ ಊರಿಗೆ ಹಬ್ಬ. ಒಡೆದ ಕುಂಬಳಕಾಯಿಯನ್ನು ಅಲ್ಲೇ ಕ್ವಾರಿಯಲ್ಲಿ ಸಾರು ಮಾಡಿ, ಬಂದವರೆಲ್ಲ ಮುದ್ದೆ ಜೊತೆ ಉಣ್ಣುವುದು ರೂಢಿ. ಒಂದು ಕಾಯಿ ಎಷ್ಟು ಜನಕ್ಕೆ ಸಾಕಾದೀತು ಎನ್ನಬೇಡಿ. ಎಲ್ಲರೂ ಮನೆಯಿಂದ ಒಂದೊಂದು ಹೋಳು ಸೇರಿಸುತ್ತಾರೆ, ಗುಂಡು ಬಿದ್ದ ಹೋಳು ನನಗೇ ಸಿಕ್ಕಿತು ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ಅಧ್ಯಕ್ಷ ಗುರುಮಲ್ಲಪ್ಪನವರಿಗಂತೂ ಈ ಸಾರೆಂದರೆ ಪ್ರಾಣ. ಪರೀಕ್ಷೆಗೆ ಮುಂಚೆಯೇ ಒಲೆ ಹೊತ್ತಿಸಿ, ಮಸಾಲೆ ರುಬ್ಬಿಸಿ, ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇಂಥ ಊರಿನಲ್ಲಿ ಬಾಗಿಲು ಪಾಸಾಗಲಿ ಎಂದು ಹರಕೆ ಹೊರುವವರಾದರೂ ಯಾರು?

ರೈಫಲ್ ಪಂಚಾಯಿತಿಯದು, ಹಳೆಯ ತ್ರೀ ನಾಟ್ ತ್ರೀ. ಅದರ ಜೊತೆ ಒಂದು ತಗಡಿನ ಪೆಟ್ಟಿಗೆ ಇದೆ. ಗುರುವಾರ ಬೆಳಿಗ್ಗೆ ಅದರ ಮುಚ್ಚಳ ತೆಗೆದರೆ ಅಂದು ಎಷ್ಟು ಗಾಡಿ ಬಂದಿವೆಯೋ ಅಷ್ಟೇ ಗುಂಡು ಇರುತ್ತವೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಾಡಿ ಬಾರದ ವಾರ ಪೆಟ್ಟಿಗೆ ಖಾಲಿ. ಗುಂಡು ಯಾರು ತುಂಬುತ್ತಾರೆ ಎಂದು ನಾನು ಮೊದಲ ವರ್ಷ ಒಮ್ಮೆ ಕೇಳಿದ್ದೆ. ಅಧ್ಯಕ್ಷರು ನನ್ನನ್ನೇ ವಿಚಿತ್ರವಾಗಿ ನೋಡಿ, ‘ಗುರುವಾರ ಅಲ್ವೇನ್ರೀ?’ ಎಂದರು. ಮತ್ತೆ ಕೇಳಲಿಲ್ಲ.

ನಾನು ಸೈನ್ಯದಲ್ಲಿ ಇಪ್ಪತ್ತಾರು ವರ್ಷ ಇದ್ದು ಹವಾಲ್ದಾರನಾಗಿ ಬಿಟ್ಟು ಬಂದವನು. ಊರಿನವರು ನನ್ನನ್ನು ಗುರಿಕಾರ ಎಂದು ಕರೆಯುತ್ತಿದ್ದರು, ನನಗೂ ಅದು ಹಿತವಾಗಿಯೇ ಇತ್ತು. ಆದರೆ ಹುಟ್ಟುತ್ತಲೇ ನಾನು ಗುರಿಕಾರನಲ್ಲ. ರಿಕ್ರೂಟ್ ಆಗಿ ಫೈರಿಂಗ್ ರೇಂಜಿಗೆ ಹೋದ ಮೊದಲ ದಿನ ಐದು ಗುಂಡು ಹೊಡೆದೆ. ಐದೂ ಗುರಿಯ ಹಲಗೆಯನ್ನು ಬಿಟ್ಟು ಎಲ್ಲೆಲ್ಲೋ ಹೋದವು. ಹಲಗೆಯ ಕೆಳಗೆ ಕಂದಕದಲ್ಲಿ ಕೂತವರು ಕೆಂಪು ಬಾವುಟ ಆಡಿಸಿದರು. ಹೀಗೆ ಗುಂಡು ತಪ್ಪಿದ್ದಕ್ಕೆ ಸೈನ್ಯದಲ್ಲಿ ವಾಷ್‌ಔಟ್ ಎನ್ನುತ್ತಾರೆ. ಗುರಿ ಕಲಿಸುವ ನಮ್ಮ ಉಸ್ತಾದ್ ಮೀಸೆ ತಿರುವುತ್ತಾ ಬಂದು, ರೈಫಲನ್ನು ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತು ಎಂದ. ಗುಂಡಿಗೊಂದು ಸುತ್ತು. ಸುತ್ತಿಗೊಮ್ಮೆ ನಾನೇ ‘ವಾಷ್‌ಔಟ್’ ಎಂದು ಕೂಗಬೇಕು. ಐದನೇ ಸುತ್ತಿಗೆ ಕೂಗಲು ಗಂಟಲಿರಲಿಲ್ಲ, ಎತ್ತಲು ಕೈಯಿರಲಿಲ್ಲ. ಆಮೇಲೆ ಉಸ್ತಾದನೇ ಪಕ್ಕದಲ್ಲಿ ಮಲಗಿ, ಉಸಿರು ಅರ್ಧ ಬಿಡು, ಅರ್ಧ ಇಟ್ಟುಕೋ, ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆಯಬೇಡ, ಒತ್ತು ಎಂದು ಹೇಳಿಕೊಟ್ಟ. ಮೂರು ತಿಂಗಳಲ್ಲಿ ಕೈ ಕೂತಿತು. ಅಲ್ಲಿಂದ ಮುಂದೆ ನನ್ನ ಗುಂಡು ತಪ್ಪಿದ್ದಿಲ್ಲ.

ಇನ್ನು ಚೆನ್ನಾಜಮ್ಮನ ವಿಷಯ. ನಲವತ್ತು ದಾಟಿದ ಹೆಂಗಸು, ಜೀಪಿನ ಯಜಮಾನಿಯೂ ಅವಳೇ, ಡ್ರೈವರೂ ಅವಳೇ. ನಮ್ಮೂರಲ್ಲಿ ಹೈಸ್ಕೂಲಿಲ್ಲ. ಘಾಟಿ ಇಳಿದು ಏಳು ಮೈಲಿ ಹೋಗಬೇಕು. ಹನ್ನೊಂದು ಹೆಣ್ಣುಮಕ್ಕಳನ್ನು ದಿನಾ ಕರೆದುಕೊಂಡು ಹೋಗಿ ಕರೆತರುವುದು ಅವಳ ಕೆಲಸ. ಬಾಗಿಲು ಬೇಕೇ ಬೇಕು ಎಂದು ಹಟ ಹಿಡಿದವಳು ಊರಿಗೆಲ್ಲ ಅವಳೊಬ್ಬಳೇ. ಮೊದಲ ಸಲ ಬಾಗಿಲೊಳಗೆ ಮರಳು ತುಂಬಿ ತಂದಳು. ಗುಂಡು ಹೊಕ್ಕಿತು, ಕುಂಬಳಕಾಯಿ ಒಡೆಯಿತು, ಆ ತೂತಿನಿಂದ ಮರಳು ಸಂಜೆಯವರೆಗೂ ಸುರಿಯಿತು. ಎರಡನೇ ಸಲ ಹಳೇ ಪುಸ್ತಕಗಳನ್ನು ನೆನೆಸಿ ಒತ್ತಿ ತುಂಬಿದ್ದಳು. ಗುಂಡು ಇತಿಹಾಸ, ಭೂಗೋಳ ಎರಡನ್ನೂ ದಾಟಿ ಆಚೆ ಹೋಯಿತು. ಮೂರನೇ ಸಲ ಬೆಲ್ಲದ ಪಾಕ ಹುಯ್ದು ಗಟ್ಟಿ ಮಾಡಿಸಿದಳು. ಅಂದಿನ ಸಾರು ಸ್ವಲ್ಪ ಸಿಹಿಯಾಗಿತ್ತು ಎಂಬುದನ್ನು ಬಿಟ್ಟರೆ ಬೇರೇನೂ ವ್ಯತ್ಯಾಸವಾಗಲಿಲ್ಲ. ಪ್ರತಿ ಸಲವೂ ಬಾಗಿಲು ಬಿಚ್ಚಿ, ಬೆನ್ನ ಮೇಲೆ ಹೊತ್ತು ಮನೆಗೆ ಒಯ್ದು, ತೂತಿಗೆ ತೇಪೆ ಹಾಕಿಸುತ್ತಿದ್ದಳು. ನಿಯಮದಂತೆ ನಾಲ್ಕನೇ ಸಲವೇ ಕೊನೆ. ಆಗಲೂ ಫೇಲಾದರೆ ಬಾಗಿಲುಗಳನ್ನು ಪಂಚಾಯಿತಿಯ ಕಾಂಪೌಂಡಿಗೆ ಮೊಳೆ ಹೊಡೆದು ಬಿಡುತ್ತಾರೆ. ಮತ್ತೆ ಆ ಗಾಡಿಗೆ ಬಾಗಿಲೆಂಬುದಿಲ್ಲ.

ಹೀಗಿರುವಾಗ ಘಾಟಿಯ ದೊಡ್ಡ ತಿರುವಿನಲ್ಲಿ ಸುಗುಣ ಜೀಪಿನಿಂದ ಬಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಮುಂದಿನ ಸೀಟಿನ ಅಂಚಿನಲ್ಲಿ ಕೂತಿದ್ದಳು. ಹಗ್ಗ ಸಡಿಲವಾಗಿತ್ತೋ ಏನೋ, ಜೀಪು ಬಲಕ್ಕೆ ತಿರುಗಿತು, ಇವಳು ಎಡಕ್ಕೆ ಹೋದಳು. ಲಂಟಾನ ಪೊದೆ ಸಿಕ್ಕಿದ್ದರಿಂದ ಬದುಕಿದಳು; ಹೆಗಲ ಮೂಳೆ ಮುರಿದು, ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಹಾಕಿಕೊಂಡು ಬಂದಳು. ಮಾರನೇ ದಿನದಿಂದ ಹನ್ನೊಂದು ಮನೆಯವರೂ ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಬಾಗಿಲಿದ್ದರೆ ಸ್ಕೂಲು, ಇಲ್ಲದಿದ್ದರೆ ಮನೆಗೆಲಸ ಎಂದುಬಿಟ್ಟರು. ಚೆನ್ನಾಜಮ್ಮ ಪಂಚಾಯಿತಿಗೆ ಹೋಗಿ ಗುರುವಾರಕ್ಕೆ ಹೆಸರು ಬರೆಸಿದಳು.

ಬುಧವಾರ ಸಂಜೆ ನನ್ನ ಮನೆಗೆ ಬಂದಳು. ನಾನು ಜಗುಲಿಯ ಮೇಲೆ ರೈಫಲ್ ಬಿಚ್ಚಿ ಎಣ್ಣೆ ಹಾಕುತ್ತಿದ್ದೆ.

“ಈ ಸಲ ಏನು ತುಂಬಿದ್ದೀಯಮ್ಮ?” ಎಂದೆ, ನಗುತ್ತಾ. “ಉಪ್ಪಿನಕಾಯಿಯಾ?”

ಅವಳು ನಗಲಿಲ್ಲ. “ಏನೂ ಇಲ್ಲ. ಬರೀ ತಗಡು. ಕಂಪ್ನಿಯೋರು ಹೆಂಗ್ ಕೊಟ್ರೋ ಹಂಗೇ, ಮೂರು ತೇಪೆ ಅಷ್ಟೇ.” ಜಗುಲಿಯ ತುದಿಯಲ್ಲಿ ಕೂತಳು. “ಅವಲ್ದಾರ್ರೇ, ಒಂದ್ ಮಾತ್ ಕೇಳ್ಲಾ? ನಮ್ಮೂರಲ್ಲಿ ಇಷ್ಟು ವರ್ಷದಲ್ಲಿ ಗಾಡಿಗೆ ಗುಂಡು ಹೊಡ್ದೋರು ಯಾರು?”

“ಯಾರೂ ಇಲ್ಲ. ಇದು ಶಾಂತವಾದ ಊರು.”

“ಸರಿಯಾಗಿ ನೆಪ್ಪು ಮಾಡ್ಕಳಿ.”

ನಾನು ನೆನಪು ಮಾಡಿಕೊಂಡೆ. “ನಾನೇ,” ಎಂದೆ.

“ನೀವ್ ಬರೋಕ್ ಮುಂಚೆ?”

“ನನಗಿಂತ ಮುಂಚೆ ಈ ಕೆಲಸದಲ್ಲಿ ಇದ್ದವನು.”

“ನೋಡಿ ಮತ್ತೆ. ನಿಮ್ಮನ್ ಬಿಟ್ರೆ ಈ ಊರಲ್ಲಿ ಯಾರೂ ಯಾರ್‌ಗೂ ಗುಂಡು ಹೊಡ್ಯಲ್ಲ. ತಿರುವು ಮಾತ್ರ ದಿನಾ ಇರುತ್ತೆ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ.”

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮಾತು ತಪ್ಪೆಂದಲ್ಲ. ರೈಫಲ್ ಕೆಳಗಿಟ್ಟು, ಹದಿನಾಲ್ಕು ವರ್ಷ ಈ ಊರಿನಲ್ಲಿ ಯಾರಿಗೂ ಹೇಳದಿದ್ದ ಮಾತನ್ನು ಅವಳಿಗೆ ಹೇಳಿದೆ.

ನಮ್ಮ ಪಲ್ಟನ್ನಿನಲ್ಲಿ ಗದಗಿನ ಕಡೆಯ ಮಡಿವಾಳಪ್ಪ ಎಂಬ ಲಾರಿ ಡ್ರೈವರಿದ್ದ. ಇಬ್ಬರೂ ಕನ್ನಡದವರೆಂದು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಒಮ್ಮೆ ಶಿಬಿರದಲ್ಲಿ ಹಳೇ ಜೀಪು, ಲಾರಿಗಳನ್ನು ನಿಲ್ಲಿಸಿ, ಯಾವುದರ ಹಿಂದೆ ಅಡಗಿದರೆ ಜೀವ ಉಳಿಯುತ್ತದೆ ಎಂದು ಗುಂಡು ಹೊಡೆದು ತೋರಿಸುವ ಪಾಠವಿತ್ತು. ಮಡಿವಾಳಪ್ಪ ಅಂದು ರಜೆಯಲ್ಲಿದ್ದ. ನಾನು ಇದ್ದೂ ಹೋಗಲಿಲ್ಲ. ಬಿಸಿಲಿಗೆ ಬೇಜಾರಾಗಿ, ಹೊಟ್ಟೆನೋವೆಂದು ಸುಳ್ಳು ಹೇಳಿ ಬ್ಯಾರಕ್ಕಿನಲ್ಲಿ ಮಲಗಿದ್ದೆ. ಆರು ತಿಂಗಳಾದ ಮೇಲೆ ಒಂದು ಬೆಟ್ಟದ ರಸ್ತೆಯಲ್ಲಿ ನಮ್ಮ ಲಾರಿಯ ಮೇಲೆ ಮೇಲಿನಿಂದ ಗುಂಡು ಬಿದ್ದವು. ನಾನು ಚರಂಡಿಗೆ ಹಾರಿದೆ. ಮಡಿವಾಳಪ್ಪ ಇಳಿದು ಎತ್ತ ಹೋಗಲಿ ಎಂದು ನಿಂತಿದ್ದ. ಸಿನಿಮಾದಲ್ಲಿ ಪೊಲೀಸರೆಲ್ಲ ಕಾರಿನ ಬಾಗಿಲು ತೆರೆದು ಅದರ ಹಿಂದೆ ಕೂರುತ್ತಾರಲ್ಲ, ನನಗೆ ಗೊತ್ತಿದ್ದದ್ದು ಅಷ್ಟೇ. ‘ಬಾಗಿಲ ಹಿಂದೆ ಕೂರೋ!’ ಎಂದು ಕೂಗಿದೆ. ‘ಆತು, ಇಲ್ಲೆ ಚಲೋ ಐತಿ ಬಿಡು,’ ಎಂದು ಕೂತ. ಬಾಗಿಲಿಗೆ ಬಿದ್ದ ಗುಂಡು ನಿಲ್ಲಲೇ ಇಲ್ಲ. ಮೂರು ಅಡಿ ಮುಂದೆ ಸರಿದಿದ್ದರೆ ಎಂಜಿನ್ ಇತ್ತು, ಚಕ್ರವಿತ್ತು, ಅವು ತಡೆಯುತ್ತಿದ್ದವು. ಆ ಪಾಠದಲ್ಲಿ ಹೇಳಿಕೊಟ್ಟದ್ದು ಅದನ್ನೇ ಎಂದು ಆಮೇಲೆ ತಿಳಿಯಿತು.

“ಅವತ್ತಿನಿಂದ ನಾನು ಯಾವ ಗಾಡಿಯ ಬಾಗಿಲ ಹತ್ತಿರವೂ ಕೂತಿಲ್ಲ,” ಎಂದೆ. “ಕೆಲಸ ಬಿಟ್ಟ ಮೇಲೆ ಬಸ್ಸಿನಲ್ಲಿ ಹೋಗುತ್ತಾ ಈ ಊರು ಸಿಕ್ಕಿತು. ಒಂದು ಗಾಡಿಗೂ ಬಾಗಿಲಿಲ್ಲ. ಇಳಿದೆ, ಇಲ್ಲೇ ಉಳಿದೆ. ಈ ಊರಿನವರಿಗಾದರೂ ಸುಳ್ಳು ಬಾಗಿಲಿನ ನಂಬಿಕೆ ಬೇಡ ಅಂತಲೇ ನಾನು ಗುರಿ ತಪ್ಪಿಸುವುದಿಲ್ಲ. ಗೊತ್ತಾಯಿತೇನಮ್ಮ?”

ನನ್ನ ಕಣ್ಣಲ್ಲಿ ನೀರಿತ್ತು. ಅವಳ ಕಣ್ಣೂ ಒದ್ದೆಯಾಗಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡು ಎದ್ದಳು.

“ನೀವು ಸರಿಯಾಗೇ ಹೊಡೀರಿ, ಅವಲ್ದಾರ್ರೇ. ತಪ್ಪಿಸಿ ಅಂತ ನಾನ್ ಬಂದಿಲ್ಲ.” ಮೆಟ್ಟಿಲಿಳಿದು ತಿರುಗಿ ನೋಡಿದಳು. “ಆದ್ರೆ ನಿಮ್ಮ ಸ್ನೇಹಿತ್ರನ್ನ ಕೊಂದಿದ್ದು ಬಾಗ್ಲಲ್ಲ. ಬಾಗ್ಲು ಪಾಪ, ಅದ್ಕೇನ್ ಗೊತ್ತು? ಅದನ್ನ ಮಾಡಿರೋದೇ ಮಳೆಗೆ, ಗಾಳಿಗೆ, ಮಕ್ಳಿಗೆ.”

ಗುರುವಾರ ಕ್ವಾರಿಯಲ್ಲಿ ಇಡೀ ಊರು ಸೇರಿತ್ತು. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು, ಮಸಾಲೆಯ ವಾಸನೆ ಘಮ್ಮೆನ್ನುತ್ತಿತ್ತು. ಗುರುಮಲ್ಲಪ್ಪನವರು ಕುರ್ಚಿಯ ಮೇಲೆ ತೋಳು ಮಡಚಿ ಕೂತಿದ್ದರು. ಹನ್ನೊಂದು ಹುಡುಗಿಯರು ಬಂಡೆಯ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಜೋಳಿಗೆಯ ಕೈಯ ಸುಗುಣ. ಚೆನ್ನಾಜಮ್ಮ ಜೀಪನ್ನು ಅಡ್ಡಕ್ಕೆ ನಿಲ್ಲಿಸಿ, ಸುಗುಣ ಬಿದ್ದಿದ್ದಳಲ್ಲ, ಅದೇ ಕಡೆಯ ಬಾಗಿಲನ್ನು ನನ್ನ ಕಡೆ ತಿರುಗಿಸಿದಳು. ಸೀಟಿನ ಮೇಲೆ ಒಳ್ಳೆಯ ದಪ್ಪನೆಯ ಕುಂಬಳಕಾಯಿ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ದೂರ ಹೋಗಿ ನಿಂತಳು. ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಂದೇ ಗಾಡಿ, ಒಂದೇ ಗುಂಡು.

ನೆಲಕ್ಕೆ ಮಂಡಿಯೂರಿದೆ. ಉಸಿರು ಅರ್ಧ ಬಿಟ್ಟೆ, ಅರ್ಧ ಇಟ್ಟುಕೊಂಡೆ. ನಳಿಗೆಯ ಮುಂಗುರಿಯ ತುದಿಯಲ್ಲಿ ಬಾಗಿಲು ಕೂತಿತು. ಮೂರು ತೇಪೆಗಳೂ ನಾನು ಹೊಡೆದ ಮೂರು ಗುಂಡುಗಳ ಗುರುತು. ಮೂರೂ ಒಂದು ಅಂಗೈಯೊಳಗೆ ಮುಚ್ಚುವಷ್ಟು ಹತ್ತಿರ ಇದ್ದವು. ಎಂಥ ಗುರಿ ಎಂದು ಹೆಮ್ಮೆಯಾಯಿತು. ಅದರ ಹಿಂದೆಯೇ ನಾಚಿಕೆಯೂ ಆಯಿತು. ಒಬ್ಬ ಗೆಳೆಯನಿಗೆ ಬಾಗಿಲ ಹಿಂದೆ ಕೂರು ಎಂದು ಹೇಳಿದ ತಪ್ಪಿಗೆ ಇನ್ನೂರಹನ್ನೆರಡು ಬಾಗಿಲುಗಳಿಗೆ ಶಿಕ್ಷೆ ಕೊಟ್ಟಿದ್ದೆ. ಇವತ್ತು ತಪ್ಪಿಸಿದರೆ ಈ ಬಾಗಿಲು ಗುಂಡು ತಡೆಯುತ್ತದೆ ಎಂದು ಸುಳ್ಳು ಹೇಳಿದಂತಾಗುತ್ತದೆ. ಹೊಡೆದರೆ ಹನ್ನೊಂದು ಮಕ್ಕಳು ನಾಳೆಯಿಂದ ಮುಸುರೆ ತಿಕ್ಕುತ್ತಾರೆ. ಬೆರಳು ಕುದುರೆಯ ಮೇಲಿತ್ತು. ಹಿಂದಿನಿಂದ ಅಧ್ಯಕ್ಷರು, “ಯಾಕ್ರೀ, ನಿದ್ದೆ ಬಂತಾ? ಮಸಾಲೆ ತಳ ಹಿಡೀತದೆ,” ಎಂದರು.

ಆಗ ಉಸ್ತಾದನ ಮೀಸೆ ನೆನಪಾಯಿತು. ತಪ್ಪಿಸಿಯೂ ಸುಳ್ಳು ಹೇಳದೇ ಇರುವ ದಾರಿಯನ್ನು ಆ ಮಹಾನುಭಾವ ಎಂದೋ ಕಲಿಸಿಕೊಟ್ಟಿದ್ದ.

ನಳಿಗೆಯನ್ನು ಎರಡು ಬೆರಳು ಮೇಲೆತ್ತಿ ಕುದುರೆ ಒತ್ತಿದೆ. ಗುಂಡು ಜೀಪಿನ ತಲೆಯ ಮೇಲೆ ಹಾದು ಕ್ವಾರಿಯ ಗೋಡೆಗೆ ಬಡಿಯಿತು. ಒಂದು ಹಿಡಿ ಕಲ್ಲುಪುಡಿ ಉದುರಿತು. ಕುಂಬಳಕಾಯಿ ಕುಂಕುಮ ಹಚ್ಚಿಕೊಂಡು ಹಾಗೇ ಕೂತಿತ್ತು. ಊರಿಗೆ ಊರೇ ಬಾಯಿ ತೆರೆದು ನಿಂತಿತು. ನಾನು ಎದ್ದೆ. ರೈಫಲನ್ನು ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ಓಡಲು ಶುರುಮಾಡಿದೆ.

“ವಾಷ್‌ಔಟ್!” ಎಂದು ಕೂಗಿದೆ. “ಬಾಗಿಲು ತಡೆದಿಲ್ಲ! ನನ್ನ ಗುಂಡು ತಪ್ಪಿದೆ! ವಾಷ್‌ಔಟ್!”

ಅರವತ್ತೊಂದರ ಮುದುಕ ಪಂಚಾಯಿತಿಯ ರೈಫಲ್ ಎತ್ತಿಕೊಂಡು ಕ್ವಾರಿ ಸುತ್ತುವುದನ್ನು ನೋಡಿ ಮೊದಲು ಜನ ಹೆದರಿದರು, ಆಮೇಲೆ ನಕ್ಕರು. ಅರ್ಧ ಸುತ್ತಿಗೆ ಹುಡುಗಿಯರೂ ಹಿಂದೆ ಓಡತೊಡಗಿದರು. ಅರ್ಥ ಗೊತ್ತಿಲ್ಲದಿದ್ದರೂ ಹನ್ನೊಂದು ಗಂಟಲು ಸೇರಿ ವಾಷ್‌ಔಟ್ ಎಂದು ಕೂಗಿದ್ದಕ್ಕೆ ಕ್ವಾರಿಯೇ ಕೂಗಿದಂತಾಯಿತು. ಸುತ್ತು ಮುಗಿಸಿ ಬಂದು ಅಧ್ಯಕ್ಷರ ಮುಂದೆ ಏದುಸಿರು ಬಿಡುತ್ತಾ ನಿಂತೆ.

ಗುರುಮಲ್ಲಪ್ಪನವರ ಮುಖ ಕೆಂಪಗಾಗಿತ್ತು. “ಇದು ಲೆಕ್ಕಕ್ಕಿಲ್ಲ. ಇನ್ನೊಂದು ಹೊಡೀರಿ.”

ನಾನು ಪೆಟ್ಟಿಗೆಯನ್ನು ಬೋರಲು ಹಾಕಿ ತೋರಿಸಿದೆ. ಸುಗುಣ ಸರಿಯಿದ್ದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ಬಂದಳು. “ಹಲ್ಗೆ ಮೇಲ್ ಏನಿದೆ ಅಂತ ನಂಗ್ ಬಾಯಿಪಾಠ, ಅಧ್ಯಕ್ಷ್ರೇ. ಕೆಳಗಡೆ ಸಣ್ಣಕ್ಷರದಲ್ಲಿದೆ. ಸಲಕ್ಕೆ ಗಾಡಿಗೊಂದೇ ಗುಂಡು. ಕುಂಬಳಕಾಯಿ ಉಳಿದರೆ ಬಾಗಿಲು ಉಳಿಯತಕ್ಕದ್ದು. ಗುಂಡು ಎಲ್ಲಿಗ್ ಹೋಗ್ಬೇಕು ಅಂತ ಬರ್ದಿಲ್ಲ.”

ಅಧ್ಯಕ್ಷರು ಹಂಡೆಯ ಕಡೆ ನೋಡಿದರು, ಕುಂಬಳಕಾಯಿಯ ಕಡೆ ನೋಡಿದರು. ಕೊನೆಗೆ ನನ್ನ ಕೈಯಿಂದ ರೈಫಲ್ ಕಿತ್ತುಕೊಂಡರು. “ಬಾಗಿಲು ಪಾಸು. ನೀವು ಫೇಲು. ನಾಳೆಯಿಂದ ಇದನ್ನ ಮುಟ್ಟಬೇಡಿ.” ಹದಿನಾಲ್ಕು ವರ್ಷದ ಕೆಲಸ ಅಷ್ಟು ಬೇಗ ಮುಗಿಯಿತು. ಕೈ ಖಾಲಿಯಾದದ್ದು ಒಂದು ಕ್ಷಣ ನಿಜವಾಗಿ ನೋಯಿತು. ಚೆನ್ನಾಜಮ್ಮ ಜೀಪಿನಿಂದ ಕುಂಬಳಕಾಯಿ ಎತ್ತಿ ತಂದು ಅಧ್ಯಕ್ಷರ ಮಡಿಲಲ್ಲಿಟ್ಟಳು. “ಕತ್ತೀಲ್ ಕುಯ್ದ್ರೂ ಸಾರಾಗುತ್ತೆ, ಅಧ್ಯಕ್ಷ್ರೇ.” ಅಂದು ಅವರು ಮೂರು ಮುದ್ದೆ ಉಂಡರು. ಗುರಿಕಾರ ಎನ್ನುತ್ತಿದ್ದ ಊರು ಸಂಜೆಯೊಳಗೆ ನನ್ನನ್ನು ವಾಷ್‌ಔಟ್ ತಾತ ಎನ್ನತೊಡಗಿತು.

ಶುಕ್ರವಾರ ಬೆಳಿಗ್ಗೆ ಜೀಪು ನನ್ನ ಮನೆ ಮುಂದೆ ನಿಂತಿತು. ಹಿಂದೆ ಹತ್ತು ಹುಡುಗಿಯರು, ಮುಂದೆ ಸುಗುಣ. “ಹತ್ತಿ,” ಎಂದಳು ಚೆನ್ನಾಜಮ್ಮ, “ಹೆಂಗೂ ಕೆಲ್ಸ ಇಲ್ವಲ್ಲ.” ನಾನು ಹಿಂದೆ, ಸ್ಟೆಪ್ನಿಯ ಹತ್ತಿರ ಕೂರುತ್ತೇನೆಂದೆ. ಸುಗುಣ ಬಿಡಲಿಲ್ಲ, ಕೆಳಗಿಳಿದು ನನ್ನನ್ನು ಮಧ್ಯಕ್ಕೆ ತಳ್ಳಿ, ತಾನು ಅಂಚಿನಲ್ಲಿ ಕೂತಳು. ಅವಳ ಒಂದು ಕೈ ಇನ್ನೂ ಜೋಳಿಗೆಯಲ್ಲೇ ಇತ್ತು. “ಬಾಗ್ಲು ಹಾಕಿ ತಾತ,” ಎಂದಳು.

ಅವಳ ಮೇಲಿಂದ ಕೈ ಚಾಚಿ ಹಿಡಿ ಹಿಡಿದೆ. ತೆಳ್ಳನೆಯ ತಗಡು, ಮೂರು ತೇಪೆ. ಅದರಿಂದ ಏನೇನು ಆಗುವುದಿಲ್ಲ ಎಂಬುದು ಈ ಊರಿನಲ್ಲಿ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಎಳೆದುಕೊಂಡೆ. ಧಪ್ ಎಂದಿತು. ಎಷ್ಟೋ ವರ್ಷಗಳಿಂದ ಆ ಸದ್ದನ್ನೇ ಕೇಳಿರಲಿಲ್ಲ. ಕಾಲು ತಾನಾಗಿ ಎಂಜಿನ್ ಕಡೆಗೆ ಸರಿಯಿತು. ಸುಗುಣ ಗಾಜು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಹಿಂದಿನವರು ನನಗೂ ನನಗೂ ಎಂದು ಕಿರುಚಿದರು. ಜೀಪು ಊರು ದಾಟಿ ಘಾಟಿ ಇಳಿಯತೊಡಗಿತು. ದೊಡ್ಡ ತಿರುವು ಬಂದಾಗ ಚೆನ್ನಾಜಮ್ಮ ಹಾರ್ನ್ ಹೊಡೆದು ಬಲಕ್ಕೆ ತಿರುಗಿಸಿದಳು. ನಾವೆಲ್ಲ ಎಡಕ್ಕೆ ವಾಲಿದೆವು. ನಾನು ಸುಗುಣಳ ಮೇಲೆ ಬಿದ್ದೆ, ಸುಗುಣ ಬಾಗಿಲ ಮೇಲೆ ಬಿದ್ದಳು.

ಬಾಗಿಲು ತಡೆಯಿತು.